ಆಯಿಲ್ ಪಂಪ್ ಕೈಕೊಟ್ಟಾಗ: ಬೈಕ್ ಎಂಜಿನ್ನಿನಲ್ಲಿ ದೋಷ ಪತ್ತೆ ಮತ್ತು ದುರಸ್ತಿ

ಓಡುತ್ತಿರುವ ಬೈಕಿನಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಂಡರೆ, ಅಥವಾ ಸಿಲಿಂಡರಿನ ಮೇಲ್ಭಾಗವಾದ ಹೆಡ್ ಇರುವ ಕಡೆಯಿಂದ ಇದ್ದಕ್ಕಿದ್ದಂತೆ ಒಣ ಕಟಕಟ ಸದ್ದು ಶುರುವಾದರೆ, ಕ್ಲಚ್ ಹಿಡಿದು ಎಂಜಿನ್ ಆರಿಸಿ, ಗಾಡಿಯನ್ನು ರಸ್ತೆಯ ಬದಿಗೆ ತನ್ನಿ. ಇನ್ನು ಎರಡು ಕಿಲೋಮೀಟರ್ ತಾನೇ, ನಿಧಾನವಾಗಿ ಹೋದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಹೆಡ್‌ನ ಅಲ್ಯೂಮಿನಿಯಂ ಮೇಲೆಯೇ ನೇರವಾಗಿ ತಿರುಗುತ್ತದೆ. ನಡುವೆ ಇರುವುದು ಎಣ್ಣೆಯ ತೆಳು ಪದರ ಮಾತ್ರ. ಆ ಪದರ ಹರಿದ ಮೇಲೆ ಹೆಡ್ ಹಾಳಾಗಲು ಕೆಲವು ನಿಮಿಷ ಸಾಕು. ಒಂದು ಸಣ್ಣ ಗೇರ್ ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಆಗ ಇಡೀ ಎಂಜಿನ್ ಬಿಚ್ಚುವ ಕೆಲಸವಾಗಿಬಿಡುತ್ತದೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಆಯಿಲ್ ಪಂಪ್ ತಾನಾಗಿ ಸವೆದು ಕೆಡುವುದು ಅಪರೂಪ. ಅದು ಸದಾ ಎಣ್ಣೆಯಲ್ಲೇ ನೆನೆದು ಕೆಲಸ ಮಾಡುವ ಭಾಗ. ಸರಿಯಾದ ಎಣ್ಣೆ ಸಿಕ್ಕಿದರೆ ಎಂಜಿನ್ನಿನಷ್ಟೇ ಬಾಳುತ್ತದೆ. ಪಂಪ್ ಕೆಟ್ಟಿದೆ ಎಂದರೆ ಸಾಮಾನ್ಯವಾಗಿ ಬೇರೆ ಯಾವುದೋ ಅದನ್ನು ಕೆಡಿಸಿರುತ್ತದೆ, ಇಲ್ಲವೇ ಪಂಪ್ ಚೆನ್ನಾಗಿಯೇ ಇದ್ದು ದಾರಿಯಲ್ಲಿ ಮತ್ತೇನೋ ಅಡ್ಡ ಬಂದಿರುತ್ತದೆ. ಕಾರಣ ಹುಡುಕದೆ ಹೊಸ ಪಂಪ್ ಕೂರಿಸಿದರೆ ಹೊಸದಕ್ಕೂ ಅದೇ ಗತಿ. ಹಾಗಾಗಿ ಇಲ್ಲಿ ಪಂಪ್ ಬದಲಿಸುವುದಕ್ಕಿಂತ ಪಂಪ್‌ನವರೆಗೆ ತಲುಪುವ ದಾರಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹೇಳುವುದೆಲ್ಲ ಫೋರ್ ಸ್ಟ್ರೋಕ್ ಎಂಜಿನ್‌ಗಳ ಬಗ್ಗೆ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವ ಪಂಪಿನ ವಿಚಾರವೇ ಬೇರೆ.

ಎಣ್ಣೆ ಸಾಗುವ ದಾರಿ

ಎಂಜಿನ್ನಿನ ತಳದಲ್ಲಿ ನಿಂತ ಎಣ್ಣೆ ಮೊದಲು ಒಂದು ಜರಡಿಯ ಮೂಲಕ ಹಾಯುತ್ತದೆ. ಮೆಕ್ಯಾನಿಕ್‌ಗಳು ಸ್ಟ್ರೈನರ್ ಎನ್ನುವುದು ಇದನ್ನೇ. ಅಲ್ಲಿಂದ ಪಂಪ್, ಪಂಪಿನ ಮುಂದೆ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್, ನಂತರ ಫಿಲ್ಟರ್, ಅದಾದ ಮೇಲೆ ದಾರಿ ಕವಲೊಡೆಯುತ್ತದೆ: ಒಂದು ಕವಲು ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಮತ್ತು ಅವೆರಡನ್ನೂ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗಿಗೆ, ಇನ್ನೊಂದು ಗೇರ್‌ಬಾಕ್ಸಿಗೆ, ಮತ್ತೊಂದು ಮೇಲಕ್ಕೆ ಹೆಡ್‌ಗೆ. ಕೆಲಸ ಮುಗಿಸಿದ ಎಣ್ಣೆ ತಾನಾಗಿ ತಳಕ್ಕೆ ಇಳಿಯುತ್ತದೆ. ಈ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಪತ್ತೆ ಮುಗಿದಂತೆ. ಪಂಪಿಗಿಂತ ಹಿಂದೆ, ಅಂದರೆ ಹೀರುವ ಕಡೆ ಸೀಲ್ ಬಿಟ್ಟಿದ್ದರೆ ಪಂಪ್ ಗಾಳಿ ಎಳೆಯುತ್ತದೆ. ತೂತು ಬಿದ್ದ ಕೊಳವೆಯಲ್ಲಿ ನೀರು ಹೀರಿದಂತೆ, ಎಷ್ಟು ಎಳೆದರೂ ನೊರೆಯೇ ಬರುತ್ತದೆ. ಪಂಪಿನ ಮುಂದೆ ಬಿಟ್ಟಿದ್ದರೆ ಎಣ್ಣೆ ಬರುತ್ತದೆ, ಆದರೆ ಒತ್ತಡ ನಿಲ್ಲುವುದಿಲ್ಲ.

ಇಂದಿನ ಬೈಕ್‌ಗಳಲ್ಲಿ ಕಾಣುವ ಪಂಪ್ ಹೆಚ್ಚಾಗಿ ಟ್ರೋಕಾಯ್ಡ್ ಮಾದರಿಯದು. ಒಳಗೊಂದು ರೋಟರ್, ಹೊರಗೊಂದು ರೋಟರ್. ಒಳಗಿನದಕ್ಕೆ 4 ಹಲ್ಲುಗಳಿದ್ದರೆ ಹೊರಗಿನದಕ್ಕೆ 5 ಗುಳಿಗಳು. ಯಾವಾಗಲೂ ಒಂದು ಹೆಚ್ಚು. ಎರಡರ ಕೇಂದ್ರವೂ ಒಂದೇ ಕಡೆ ಇಲ್ಲದ ಕಾರಣ, ತಿರುಗುವಾಗ ನಡುವಿನ ಜಾಗ ಒಂದು ಬದಿಯಲ್ಲಿ ಹಿಗ್ಗುತ್ತದೆ, ಇನ್ನೊಂದು ಬದಿಯಲ್ಲಿ ಕುಗ್ಗುತ್ತದೆ. ಹಿಗ್ಗುವ ಕಡೆ ಎಣ್ಣೆ ಒಳಗೆ ಬರುತ್ತದೆ, ಕುಗ್ಗುವ ಕಡೆ ಹೊರಗೆ ತಳ್ಳಲ್ಪಡುತ್ತದೆ. ಇದಕ್ಕೆ ಚಾಲನೆ ಕೊಡುವುದು ಕ್ರ್ಯಾಂಕ್‌ನ ಪ್ರೈಮರಿ ಗೇರ್ ಅಥವಾ ಕ್ಲಚ್ ಹೌಸಿಂಗ್‌ನ ಬೆನ್ನಿಗಿರುವ ಗೇರ್. ಕೆಲವು ಎಂಜಿನ್‌ಗಳಲ್ಲಿ ಸಣ್ಣ ಚೈನ್. ಪಂಪ್ ಗೇರ್ ಅನೇಕ ಕಡೆ ನೈಲಾನಿನದು. ಕೆಲವು ನೀರು ತಂಪಿನ ಎಂಜಿನ್‌ಗಳಲ್ಲಿ ನೀರಿನ ಪಂಪ್ ಕೂಡ ಇದೇ ಶಾಫ್ಟಿನಿಂದ ತಿರುಗುತ್ತದೆ. ಅಂಥ ಗಾಡಿ ಒಮ್ಮೆಲೇ ಕಾಯಿತು ಎಂದರೆ ರೇಡಿಯೇಟರ್ ಒಂದನ್ನೇ ಸಂಶಯಿಸಿ ಸುಮ್ಮನಾಗಬೇಡಿ, ಎಣ್ಣೆ ಏರುತ್ತಿದೆಯೇ ಎಂದೂ ನೋಡಿ.

ಸದ್ದು ಮತ್ತು ದೀಪ ಹೇಳುವುದೇನು

ಎಣ್ಣೆ ಕಡಿಮೆಯಾದಾಗ ಮೊದಲು ಕೂಗುವುದು ಹೆಡ್. ಪಂಪಿಗೆ ಅತಿ ದೂರದ, ಅತಿ ಎತ್ತರದ ಜಾಗ ಅದೇ. ವಾಲ್ವ್‌ನ ಟ್ಯಾಪೆಟ್ ಸಡಿಲವಾದ ಸದ್ದೂ ಅಲ್ಲಿಂದಲೇ ಬರುವುದರಿಂದ ಎರಡನ್ನೂ ಬೇರ್ಪಡಿಸಿ ಕೇಳಬೇಕು. ಟ್ಯಾಪೆಟ್ ಸದ್ದು ವಾರಗಟ್ಟಲೆ ಒಂದೇ ಹದದಲ್ಲಿರುತ್ತದೆ. ಎಣ್ಣೆ ಇಲ್ಲದ ಸದ್ದು ಒಂದೇ ಸವಾರಿಯಲ್ಲಿ ಹುಟ್ಟಿ, ಎಂಜಿನ್ ಬಿಸಿಯಾದಂತೆ ಬೆಳೆಯುತ್ತದೆ. ಜೊತೆಗೆ ಎಳೆತ ಕುಗ್ಗುತ್ತದೆ, ಸುಟ್ಟ ವಾಸನೆ ಬರುತ್ತದೆ. ತಳದಿಂದ ಗುದ್ದುವ ಸದ್ದು ಬರತೊಡಗಿದರೆ ಹಾನಿ ಆಗಲೇ ಕನೆಕ್ಟಿಂಗ್ ರಾಡ್‌ವರೆಗೆ ಇಳಿದಿದೆ ಎಂದರ್ಥ.

ಅನೇಕ ಸಣ್ಣ ಸಿಂಗಲ್ ಸಿಲಿಂಡರ್ ಗಾಡಿಗಳಲ್ಲಿ ಆಯಿಲ್ ಒತ್ತಡದ ದೀಪವೇ ಇರುವುದಿಲ್ಲ. ಅವುಗಳ ಕ್ರ್ಯಾಂಕ್ ಬಾಲ್ ಮತ್ತು ರೋಲರ್ ಬೇರಿಂಗಿನ ಮೇಲೆ ನಿಂತಿರುವುದರಿಂದ ಹೆಚ್ಚು ಒತ್ತಡ ಬೇಕಿಲ್ಲ, ಹರಿವು ಇದ್ದರೆ ಸಾಕು. ದೀಪವಿರುವ ಗಾಡಿಗಳಲ್ಲಿಯೂ ಅದನ್ನು ಪೂರ್ತಿ ನಂಬುವಂತಿಲ್ಲ. ಒತ್ತಡದ ಸ್ವಿಚ್ ಒಂದು ಬಾರ್‌ಗಿಂತ ಬಹಳ ಕಡಿಮೆ ಒತ್ತಡದಲ್ಲೇ ದೀಪವನ್ನು ಆರಿಸಿಬಿಡುತ್ತದೆ. ಸಾದಾ ಬೇರಿಂಗಿನ, ಅಂದರೆ ಬಾಲ್ ಅಥವಾ ರೋಲರ್ ಇಲ್ಲದೆ ಎಣ್ಣೆಯ ಪದರದ ಮೇಲೆಯೇ ಶಾಫ್ಟ್ ತಿರುಗುವ ಎಂಜಿನ್ ಬಿಸಿಯಾಗಿ, 5,000 ಆರ್‌ಪಿಎಂ ಆಸುಪಾಸಿನಲ್ಲಿ ಓಡುವಾಗ ಸಾಮಾನ್ಯವಾಗಿ 4ರಿಂದ 5 ಬಾರ್ ಒತ್ತಡ ಕೇಳುತ್ತದೆ. ಅಂದರೆ ದೀಪ ಆರಿದೆ ಎಂದ ಮಾತ್ರಕ್ಕೆ ಒತ್ತಡ ಸಾಕಷ್ಟಿದೆ ಎಂದಲ್ಲ. ಏನೋ ಸ್ವಲ್ಪ ಇದೆ ಎಂದಷ್ಟೇ.

ದೀಪದ ಸುಳ್ಳನ್ನು ಪತ್ತೆ ಹಚ್ಚುವುದು ಸುಲಭ. ಇಗ್ನಿಷನ್ ಹಾಕಿದಾಗ, ಎಂಜಿನ್ ಶುರುವಾಗುವ ಮೊದಲು, ದೀಪ ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬ್, ವೈರ್ ಅಥವಾ ಸ್ವಿಚ್ ಹೋಗಿದೆ. ಸ್ವಿಚ್‌ನ ವೈರ್ ಕಿತ್ತ ಮೇಲೂ ದೀಪ ಹೊತ್ತೇ ಇದ್ದರೆ ವೈರ್ ಎಲ್ಲೋ ಗಾಡಿಯ ಲೋಹದ ಮೈಗೆ ತಾಗುತ್ತಿದೆ, ಪಂಪಿಗೂ ಅದಕ್ಕೂ ಸಂಬಂಧವಿಲ್ಲ. ವೈರ್ ಕಿತ್ತಾಗ ದೀಪ ಆರಿದರೆ ಸ್ವಿಚ್ ಕೆಟ್ಟಿರಬಹುದು, ಒತ್ತಡ ನಿಜವಾಗಿಯೂ ಇಲ್ಲದಿರಬಹುದು. ಇದನ್ನು ತೀರ್ಮಾನಿಸುವುದು ಸ್ವಿಚ್‌ನ ಜಾಗದಲ್ಲಿ ಕೂರಿಸಿದ ಒತ್ತಡದ ಗೇಜ್ ಒಂದೇ. ಗೇಜ್ ಇಲ್ಲದೆ ಸ್ವಿಚ್ ಬದಲಿಸಿ ಓಡಿಸಿ ನೋಡುವುದು ಎಂಜಿನ್ನನ್ನು ಪಣಕ್ಕಿಟ್ಟಂತೆ.

ಬಿಚ್ಚುವ ಮೊದಲು ನೋಡಬೇಕಾದವು

ಗಾಡಿಯನ್ನು ಸಮತಟ್ಟು ನೆಲದಲ್ಲಿ ನೇರವಾಗಿ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಮಟ್ಟಕ್ಕೆ ಬೆಲೆಯಿಲ್ಲ. ಡಿಪ್‌ಸ್ಟಿಕ್ ತಿರುಗಿಸಿ ನೋಡಬೇಕೋ ಸುಮ್ಮನೆ ಇಳಿಸಿ ನೋಡಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿ ಇರುತ್ತದೆ. ಆಮೇಲೆ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ. ಪೆಟ್ರೋಲ್ ವಾಸನೆ ಇದ್ದರೆ ಕಾರ್ಬುರೇಟರ್ ಅಥವಾ ಇಂಜೆಕ್ಟರ್ ಸೋರಿ ಎಣ್ಣೆ ತೆಳುವಾಗಿದೆ, ಒತ್ತಡ ಬೀಳಲು ಅದೇ ಸಾಕು. ಹಾಲು ಬೆರೆತ ಬಣ್ಣವಿದ್ದರೆ ನೀರು ಸೇರಿದೆ.

ಎಂಜಿನ್ ಶುರು ಮಾಡದೆಯೇ ಹರಿವನ್ನು ಪರೀಕ್ಷಿಸಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ ಇಡಿ. ಹಾಗೆಯೇ ತೂಗಾಡಲು ಬಿಟ್ಟರೆ ಇಗ್ನಿಷನ್ ಘಟಕ ಸುಡಬಹುದು, ತೂತಿನ ಬಳಿಯೇ ಇಟ್ಟರೆ ಹೊರಬರುವ ಪೆಟ್ರೋಲ್ ಆವಿಗೆ ಕಿಡಿ ತಗುಲಬಹುದು. ಕೆಲವು ಎಂಜಿನ್‌ಗಳ ಹೆಡ್‌ನಲ್ಲಿ ಎಣ್ಣೆ ಪರೀಕ್ಷೆಗೆಂದೇ ಒಂದು ಸಣ್ಣ ಬೋಲ್ಟ್ ಇರುತ್ತದೆ. ಅದನ್ನು ಒಂದು ಸುತ್ತು ಸಡಿಲಿಸಿ, ಸೆಲ್ಫ್ ಸ್ಟಾರ್ಟರ್ ಐದಾರು ಸೆಕೆಂಡು ಒತ್ತಿ, ಬಿಟ್ಟು, ಮತ್ತೆ ಒತ್ತಿ. ಪ್ಲಗ್ ಇಲ್ಲದ ಎಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗಿಗೆ ಭಾರವೂ ಬೀಳುವುದಿಲ್ಲ. ಬೋಲ್ಟ್‌ನ ಬುಡದಲ್ಲಿ ಎಣ್ಣೆ ಜಿನುಗಿದರೆ ಪಂಪ್ ತಳ್ಳುತ್ತಿದೆ. ಅಂಥ ಬೋಲ್ಟ್ ಇಲ್ಲದ ಕಡೆ ಟ್ಯಾಪೆಟ್ ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿ: ವಾಲ್ವನ್ನು ಒತ್ತುವ ರಾಕರ್ ತೋಳುಗಳು ಒದ್ದೆಯಾಗಿ ಹೊಳೆಯಬೇಕು. ಒಣಗಿ ಮಂಕಾಗಿದ್ದರೆ, ಕ್ಯಾಮ್‌ನ ಉಬ್ಬಿನ ಮೇಲೆ ನೀಲಿ ಛಾಯೆ ಕಂಡರೆ, ಅಲ್ಲಿಗೆ ಎಣ್ಣೆ ತಲುಪದೆ ಹೊತ್ತಾಗಿದೆ.

ದೋಷ ಸರ್ವಿಸ್ ಆದ ಕೂಡಲೇ ಶುರುವಾಗಿದ್ದರೆ ಪಂಪಿನ ಕಡೆ ನೋಡುವ ಮೊದಲು ಫಿಲ್ಟರ್ ಬಿಚ್ಚಿ. ಕಾಗದದ ಫಿಲ್ಟರ್‌ಗಳಲ್ಲಿ ಕೆಲವಕ್ಕೆ ಒಂದೇ ಬದಿಯಲ್ಲಿ ತೂತಿರುತ್ತದೆ. ಅದನ್ನು ತಿರುವುಮುರುವಾಗಿ ಕೂರಿಸಿದರೆ ಎಣ್ಣೆಯ ದಾರಿ ಮುಚ್ಚಿಹೋಗುತ್ತದೆ, ಮುಚ್ಚಳ ಮಾತ್ರ ಸಲೀಸಾಗಿ ಕೂತುಕೊಳ್ಳುತ್ತದೆ. ಫಿಲ್ಟರಿನ ಹಿಂದಿನ ಸ್ಪ್ರಿಂಗ್ ಬಿಟ್ಟುಹೋಗಿರುವುದು, ಹಳೆಯ ಓ-ರಿಂಗ್ (ರಬ್ಬರ್ ಸೀಲ್ ಉಂಗುರ) ಅಲ್ಲೇ ಅಂಟಿಕೊಂಡು ಹೊಸದು ಅದರ ಮೇಲೆ ಕೂತಿರುವುದು, ಇವೂ ಸಾಮಾನ್ಯ. ಇಷ್ಟು ನೋಡದೆ ಕ್ಲಚ್ ಕವರ್ ಬಿಚ್ಚುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ನಂತರ ಎಣ್ಣೆಯನ್ನು ಶುಭ್ರ ಪಾತ್ರೆಗೆ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಣಗಳು ಮಾತನಾಡುತ್ತವೆ. ಬೆಳ್ಳಿಯಂತೆ ಮಿಂಚಿ ಅಯಸ್ಕಾಂತಕ್ಕೆ ಅಂಟದ ಪುಡಿ ಅಲ್ಯೂಮಿನಿಯಂ. ಹೆಡ್, ಪಿಸ್ಟನ್ ಅಥವಾ ಪಂಪಿನ ಹೊರಮೈಯಿಂದ ಬಂದಿದ್ದು. ಅಯಸ್ಕಾಂತಕ್ಕೆ ಅಂಟುವ ಚೂಪು ಚಕ್ಕೆ ಗೇರ್ ಹಲ್ಲಿನದು ಅಥವಾ ಬೇರಿಂಗಿನದು. ತಾಮ್ರದ ಬಣ್ಣವಿದ್ದರೆ ಬುಶ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಸವೆದಿದೆ. ಕಂದು, ನಾರಿನಂಥ ತುಣುಕು ಕ್ಲಚ್ ಪ್ಲೇಟಿನದು. ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕಿದರೆ ಪಂಪ್ ಗೇರ್ ಅಥವಾ ಕ್ಯಾಮ್ ಚೈನ್ ಗೈಡ್. ಡ್ರೈನ್ ಬೋಲ್ಟಿನ ತುದಿಯಲ್ಲಿ ಬೂದು ಬಣ್ಣದ ನುಣುಪು ಕೆಸರು ಇರುವುದು ಸಹಜ, ಅದಕ್ಕೆ ಗಾಬರಿ ಬೇಡ.

ಕವರ್ ಬಿಚ್ಚಿದ ಮೇಲೆ

ಸಾಮಾನ್ಯವಾಗಿ ಪಂಪ್ ಇರುವುದು ಕ್ಲಚ್ ಕವರಿನ ಒಳಗೆ. ಕವರಿನ ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಕವರ್ ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಜೋಡಣೆಯ ಮೈಗೆ ಒಂದು ಗೀರು ಬಿದ್ದರೂ ಅಲ್ಲಿಂದ ಸೋರುವುದು ನಿಲ್ಲುವುದಿಲ್ಲ.

ಕವರ್ ಬಂದ ತಕ್ಷಣ ಮುಂದಿನದನ್ನು ಬಿಚ್ಚಲು ಹೋಗದೆ ಒಂದು ಕ್ಷಣ ನಿಂತು ನೋಡಿ. ಕ್ರ್ಯಾಂಕ್‌ನ ನಟ್‌ಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿ. ಪಂಪಿನ ಗೇರ್ ಪೂರ್ತಿ ಸುತ್ತು ಬರುತ್ತದೆಯೇ? ನಡುವೆ ಎಲ್ಲಾದರೂ ಹಾರುತ್ತದೆಯೇ? ಗೇರ್ ತಿರುಗುವಾಗ ಅದರ ನಡುವಿನ ಶಾಫ್ಟ್ ಕೂಡ ಜೊತೆಗೇ ತಿರುಗುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದಿಲ್ಲ. ಗೇರ್ ಮತ್ತು ಶಾಫ್ಟನ್ನು ಜೋಡಿಸುವುದು ಒಂದು ಸಣ್ಣ ಪಿನ್, ಅಥವಾ ಶಾಫ್ಟಿನ ಚಪ್ಪಟೆ ಮೈ. ಪಿನ್ ತುಂಡಾದರೆ, ನೈಲಾನ್ ಗೇರಿನ ನಡುತೂತು ಸವೆದು ದುಂಡಗಾದರೆ, ಗೇರ್ ಚಂದವಾಗಿ ಸುತ್ತುತ್ತಲೇ ಇರುತ್ತದೆ, ಶಾಫ್ಟ್ ಮಾತ್ರ ನಿಂತಿರುತ್ತದೆ. ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ. ಶಾಫ್ಟಿನ ತುದಿಗೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದು ತಿರುಗಿಸಿದರೆ ಸಂಶಯಕ್ಕೆ ಜಾಗವಿರುವುದಿಲ್ಲ. ನೈಲಾನ್ ಗೇರನ್ನು ಹೊರತೆಗೆದು ಬುಡದ ಸುತ್ತ ಬೆರಳಿನಿಂದ ಬಗ್ಗಿಸಿ ನೋಡಿ. ಕೂದಲೆಳೆಯ ಬಿರುಕು ಬಾಗಿದಾಗ ಮಾತ್ರ ಬಾಯಿ ಬಿಡುತ್ತದೆ. ಬಿರುಕಿದ್ದರೆ, ಹಲ್ಲು ಮುರಿದಿದ್ದರೆ, ಗೇರ್ ಬದಲಿಸಲೇಬೇಕು. ಆದರೆ ಗೇರ್ ಮುರಿಯಲು ಪಂಪ್ ಬಿಗಿಯಾಗಿ ಹಿಡಿದುಕೊಂಡಿದ್ದೇ ಕಾರಣವಿರಬಹುದು, ಹಾಗಾಗಿ ಪಂಪನ್ನೂ ಬಿಚ್ಚಿ ನೋಡದೆ ಮುಚ್ಚಬಾರದು.

ಜರಡಿಯನ್ನು ಎಳೆದು ತೆಗೆಯಿರಿ. ಮುಚ್ಚಿಹೋದ ಜರಡಿಯಲ್ಲಿ ಆಗಾಗ ಸಿಗುವ ವಸ್ತು ಎಂದರೆ ಒಣಗಿದ ಸಿಲಿಕೋನ್ ಅಂಟು. ಗ್ಯಾಸ್ಕೆಟ್‌ಗೆ ಧಾರಾಳವಾಗಿ ಹಚ್ಚಿದ ಅಂಟು ಹೊರಗೆ ಎಷ್ಟು ಉಕ್ಕುತ್ತದೆಯೋ ಒಳಗೂ ಅಷ್ಟೇ ಉಕ್ಕುತ್ತದೆ. ಹೊರಗಿನದನ್ನು ಒರೆಸುತ್ತೇವೆ; ಒಳಗಿನದು ಹುಳುಗಳಂತೆ ಕಳಚಿಕೊಂಡು ತೇಲಿ ಬಂದು ಜರಡಿಯ ಮೇಲೆ ಹಾಸಿಕೊಳ್ಳುತ್ತದೆ. ಕಾಗದದ ಗ್ಯಾಸ್ಕೆಟ್ ಇರುವ ಕಡೆ ಅಂಟನ್ನು ಮುಟ್ಟಲೇಬೇಡಿ ಎಂದು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಪಂಪಿನ ಒಳಗೆ

ಪಂಪನ್ನು ಹೊರತೆಗೆಯುವಾಗ ಅದರ ಹಿಂದಿನ ಓ-ರಿಂಗ್ ಮತ್ತು ಪಂಪನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಡೋವೆಲ್ ಪಿನ್‌ಗಳನ್ನು ಎಣಿಸಿಟ್ಟುಕೊಳ್ಳಿ. ಓ-ರಿಂಗ್ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಗಾಳಿ ಎಳೆದಿದ್ದು ಅಲ್ಲಿಂದಲೇ ಇರಬಹುದು. ಬಿಚ್ಚುವ ಮೊದಲು ಪಂಪಿನ ಒಳಬಾಯಿಗೆ ಶುಭ್ರ ಎಣ್ಣೆ ಹನಿಸಿ, ಹೊರಬಾಯಿಗೆ ಹೆಬ್ಬೆರಳು ಒತ್ತಿ, ಶಾಫ್ಟನ್ನು ಅದರ ದಿಕ್ಕಿನಲ್ಲಿ ತಿರುಗಿಸಿ. ಒಳ್ಳೆಯ ಪಂಪ್ ಹೆಬ್ಬೆರಳನ್ನು ತಳ್ಳುತ್ತದೆ, ಬೆರಳಿನ ಸಂದಿಯಿಂದ ಎಣ್ಣೆ ಚಿಮ್ಮುತ್ತದೆ. ತಿರುಗಿಸುವಾಗ ಮರಳು ಅರೆದಂಥ ಕರಕರ ಕೈಗೆ ತಾಕಿದರೆ ಒಳಗೆ ಗೀರು ಬಿದ್ದಿದೆ.

ಮುಚ್ಚಳ ತೆಗೆದಾಗ ಹೊರ ರೋಟರಿನ ಮೇಲೆ ಒಂದು ಚುಕ್ಕೆ ಗುರುತು ಇದ್ದರೆ ಅದು ಯಾವ ಕಡೆಗಿತ್ತು ಎಂದು ನೆನಪಿಡಿ. ಗುರುತಿಲ್ಲದಿದ್ದರೆ ನೀವೇ ಮಾರ್ಕರ್‌ನಿಂದ ಹಾಕಿ. ಒಗ್ಗಿಕೊಂಡ ಮೈ ತಿರುವಾದರೆ ಸವೆತ ಹೊಸದಾಗಿ ಶುರುವಾಗುತ್ತದೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ರೋಟರಿನ ಮೈಮೇಲೆ, ಪಂಪಿನ ಗೋಡೆಯ ಮೇಲೆ, ಮುಚ್ಚಳದ ಒಳಮೈ ಮೇಲೆ ಉಗುರು ಎಳೆಯಿರಿ. ಕಣ್ಣಿಗೆ ಕಂಡರೂ ಉಗುರಿಗೆ ತಡೆಯದ ಗೆರೆ ಪರವಾಗಿಲ್ಲ. ಉಗುರು ತಡೆದು ನಿಂತರೆ ಎಣ್ಣೆ ಆ ಗೆರೆಯ ಮೂಲಕ ಒತ್ತಡದ ಕಡೆಯಿಂದ ಹೀರುವ ಕಡೆಗೆ ಹಿಂದಿರುಗುತ್ತಿದೆ.

ಫೀಲರ್ ಗೇಜ್‌ನಿಂದ (ದಪ್ಪ ಗೊತ್ತಿರುವ ತೆಳು ಉಕ್ಕಿನ ಪಟ್ಟಿಗಳು) ಮೂರು ಅಂತರಗಳನ್ನು ಅಳೆಯಬೇಕು. ಒಳ ರೋಟರಿನ ಹಲ್ಲಿನ ತುದಿಗೂ ಹೊರ ರೋಟರಿಗೂ ನಡುವೆ ಸಾಮಾನ್ಯವಾಗಿ 0.15 ಮಿ.ಮೀ. ಒಳಗಿರುತ್ತದೆ, 0.20 ದಾಟಿದರೆ ಅನೇಕ ಕೈಪಿಡಿಗಳು ಬದಲಿಸಿ ಎನ್ನುತ್ತವೆ. ಹೊರ ರೋಟರಿಗೂ ಪಂಪಿನ ಗೋಡೆಗೂ ನಡುವಿನ ಮಿತಿ ಮಾದರಿಗೆ ತಕ್ಕಂತೆ 0.25ರಿಂದ 0.35 ಮಿ.ಮೀ. ಮೂರನೆಯದು ರೋಟರಿನ ಮೇಲ್ಮೈಗೂ ಮುಚ್ಚಳಕ್ಕೂ ನಡುವಿನ ಅಂತರ. ಪಂಪಿನ ಬಾಯಿಗೆ ಉಕ್ಕಿನ ನೇರಪಟ್ಟಿಯನ್ನು ಅಡ್ಡ ಇಟ್ಟು ಅದರ ಕೆಳಗೆ ಗೇಜ್ ತೂರಿಸಿ ನೋಡಬೇಕು, ಇಲ್ಲಿ 0.10ರಿಂದ 0.12 ಮಿ.ಮೀ.ಗಿಂತ ಹೆಚ್ಚು ಸಲ್ಲದು. ಮೂರರಲ್ಲಿ ನಾನು ಹೆಚ್ಚು ಗಮನ ಕೊಡುವುದು ಇದಕ್ಕೇ, ಏಕೆಂದರೆ ಅಗಲವಾದ ಮೈಯುದ್ದಕ್ಕೂ ಸೋರುವ ಜಾಗ ಇದು. ಮೂರೂ ಸಾಮಾನ್ಯ ಅಂಕಿಗಳು. ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ರಿಲೀಫ್ ವಾಲ್ವ್ ಮರೆಯಬೇಡಿ. ಸ್ಪ್ರಿಂಗಿನ ಒತ್ತಿಗೆ ನಿಂತ ಪುಟ್ಟ ಪಿಸ್ಟನ್ ಅದು. ಒತ್ತಡ ಮಿತಿ ಮೀರಿದಾಗ ಸರಿದು ಹೆಚ್ಚುವರಿ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಒಂದು ಲೋಹದ ಚೂರು ಸಿಕ್ಕಿಕೊಂಡು ತೆರೆದೇ ನಿಂತರೆ, ಹೊಸ ಪಂಪಿನ ಶ್ರಮವೆಲ್ಲ ತಳಕ್ಕೇ ವಾಪಸ್. ಮುಚ್ಚಿಕೊಂಡೇ ನಿಂತರೆ ತಣ್ಣಗಿನ ಎಂಜಿನ್ ಶುರು ಮಾಡಿದಾಗ ಒತ್ತಡ ಏರಿ ಸೀಲ್‌ಗಳು ಕಿತ್ತು ಬರಬಹುದು. ಎಣ್ಣೆ ಹಚ್ಚಿ ಬೆರಳಿನಿಂದ ಒತ್ತಿದಾಗ ಪಿಸ್ಟನ್ ಎಲ್ಲೂ ಅಂಟದೆ ಹೋಗಿ ಬರಬೇಕು.

ದುರಸ್ತಿ ಮಾಡುವುದೇ, ಬದಲಿಸುವುದೇ?

ಗೇರ್, ಪಿನ್, ಸರ್ಕ್ಲಿಪ್, ಓ-ರಿಂಗ್ ಇವಷ್ಟೇ ಹೋಗಿದ್ದರೆ ಅವನ್ನು ಬದಲಿಸಿ, ಅಂತರ ಸರಿಯಿದ್ದ ಪಂಪನ್ನು ಉಳಿಸಿಕೊಳ್ಳಬಹುದು. ರೋಟರ್ ಸವೆದಿದ್ದರೆ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಗೋಡೆ ಸವೆದಿದ್ದರೆ ಪೂರ್ತಿ ಪಂಪ್. ರೋಟರನ್ನು ಎಮೆರಿ ಕಾಗದದಿಂದ ಉಜ್ಜಿ ನುಣುಪು ಮಾಡುವುದು ದುರಸ್ತಿಯಲ್ಲ, ಅಂತರವನ್ನು ಇನ್ನಷ್ಟು ಹೆಚ್ಚಿಸುವ ಕೆಲಸ. ಬಿಡಿಭಾಗ ಸಿಗದ ಹಳೆಯ ಗಾಡಿಗಳಿಗೆ ಒಂದು ದಾರಿಯಿದೆ: ಚಪ್ಪಟೆ ಮುಚ್ಚಳದಲ್ಲಿ ರೋಟರ್ ತೋಡಿದ ಗುರುತು ಮಾತ್ರ ಇದ್ದರೆ, ದಪ್ಪ ಗಾಜಿನ ಮೇಲೆ ನಯವಾದ ಕಾಗದ ಹಾಸಿ, ಎಣ್ಣೆ ಬಿಟ್ಟು, ಎಂಟಂಕಿಯ ಆಕಾರದಲ್ಲಿ ಉಜ್ಜಿ ಮುಚ್ಚಳವನ್ನು ಮತ್ತೆ ಸಮತಟ್ಟು ಮಾಡಬಹುದು. ಆಮೇಲೆ ತೊಳೆಯುವುದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಪಂಪಿನ ಒಳಗೆ ಲೋಹ ಅರೆದಿದ್ದರೆ ಆ ಪುಡಿ ಮುಂದಕ್ಕೂ ಹೋಗಿದೆ. ಫಿಲ್ಟರ್ ಹೊಸದು ಹಾಕಿ. ಎಣ್ಣೆ ದಾರಿಗಳಿಗೆ ಕ್ಲೀನರ್ ಊದಿ, ಆಮೇಲೆ ಗಾಳಿ ಊದಿ. ಆಯಿಲ್ ಕೂಲರ್ ಇದ್ದರೆ ಬಿಚ್ಚಿ ತೊಳೆಯಿರಿ. ಕ್ರ್ಯಾಂಕ್‌ನ ತುದಿಯಲ್ಲಿ ತಿರುಗುತ್ತಾ ಕೆಸರು ಹಿಡಿಯುವ ಬಟ್ಟಲಿನ ಮಾದರಿಯ ಫಿಲ್ಟರ್ ಇದ್ದರೆ ಅದನ್ನೂ ಬಿಚ್ಚಿ ಕೆರೆದು ತೆಗೆಯಬೇಕು. ಎಂಜಿನ್ ಒಣಗಿ ಓಡಿದ್ದರೆ ಕನೆಕ್ಟಿಂಗ್ ರಾಡನ್ನೂ ಪರೀಕ್ಷಿಸಬೇಕಾಗುತ್ತದೆ: ಅಕ್ಕಪಕ್ಕ ಸ್ವಲ್ಪ ಸರಿದಾಡುವುದು ಸಹಜ, ಮೇಲೆ ಕೆಳಗೆ ಎಳೆದಾಗ ಎಳ್ಳಷ್ಟು ಆಟವಿದ್ದರೂ ಆ ಬೇರಿಂಗ್ ಮುಗಿದಿದೆ.

ಜೋಡಣೆ ಮತ್ತು ಮೊದಲ ಸ್ಟಾರ್ಟ್

ಒಣ ಪಂಪ್ ಹೀರುವುದಿಲ್ಲ. ರೋಟರ್‌ಗಳನ್ನು ಎಣ್ಣೆಯಲ್ಲಿ ಅದ್ದಿ ಕೂರಿಸಿ, ಮುಚ್ಚಳ ಹಾಕಿ, ಒಳಬಾಯಿಯಿಂದ ಎಣ್ಣೆ ತುಂಬಿ, ಹೊರಬಾಯಿಯಲ್ಲಿ ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಶಾಫ್ಟ್ ತಿರುಗಿಸಿ. ಡೋವೆಲ್‌ಗಳು ತಮ್ಮ ಜಾಗದಲ್ಲಿವೆ, ಹೊಸ ಓ-ರಿಂಗ್ ಸಂದಿಯಲ್ಲಿ ಸಿಕ್ಕಿಲ್ಲ ಎಂದು ನೋಡಿದ ಮೇಲೆಯೇ ಪಂಪ್ ಕೂರಿಸಿ. ಅಲ್ಯೂಮಿನಿಯಂಗೆ ಕೂರುವ 6 ಮಿ.ಮೀ. ಬೋಲ್ಟ್‌ಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಹೆಚ್ಚು ಬಿಗಿದರೆ ತೂತಿನ ಒಳಗಿನ ಮರೆ (ಥ್ರೆಡ್) ಕಿತ್ತು ಬರುತ್ತದೆ. ಪ್ರತಿ ಬೋಲ್ಟ್ ಬಿಗಿದ ಮೇಲೂ ಶಾಫ್ಟ್ ತಿರುಗಿಸಿ ನೋಡಿ. ಬಿಗಿದಂತೆ ತಿರುಗುವುದು ಕಷ್ಟವಾದರೆ ಏನೋ ಓರೆಯಾಗಿ ಕೂತಿದೆ. ಕ್ಲಚ್ ಕವರ್ ಗ್ಯಾಸ್ಕೆಟ್ಟಿನ ತೂತುಗಳು ಎಣ್ಣೆಯ ದಾರಿಗೆ ಸರಿಯಾಗಿ ಎದುರಾಗಿವೆಯೇ ಎಂದು ಕವರ್ ಮುಚ್ಚುವ ಮೊದಲು ಖಚಿತಪಡಿಸಿಕೊಳ್ಳಿ.

ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ಗಾಡಿಗೆ ಕೈಪಿಡಿ ಹೇಳಿದ ದಪ್ಪದ, ಇಂಥ ಕ್ಲಚ್‌ಗೆ ಹೊಂದುವ ಎಣ್ಣೆಯ ಜಪಾನಿ ಮಾನದಂಡವಾದ ಜೆಎಎಸ್‌ಒ ಎಂಎ ಅಥವಾ ಎಂಎ2 ಗುರುತಿನ ಎಣ್ಣೆ ಹಾಕಿ. ಪ್ಲಗ್ ಇಲ್ಲದೆ, ಮೊದಲಿನಂತೆಯೇ, ಹೆಡ್‌ನ ಎಣ್ಣೆ ಪರೀಕ್ಷೆಯ ಬೋಲ್ಟ್‌ನಲ್ಲಿ ಎಣ್ಣೆ ಕಾಣುವವರೆಗೆ ಸೆಲ್ಫ್ ಅಥವಾ ಕಿಕ್ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ ಶುರು ಮಾಡಿ, ಆಕ್ಸಿಲರೇಟರ್ ಮುಟ್ಟದೆ ಬಿಡಿ. ದೀಪ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ದೀಪವಿಲ್ಲದ ಗಾಡಿಯಲ್ಲಿ ಹೆಡ್‌ನ ಎಣ್ಣೆ ಪರೀಕ್ಷೆಯ ಆ ಸಣ್ಣ ಬೋಲ್ಟ್ ಸಡಿಲಿಸಿ ನೋಡಿ. ಒಂದು ನಿಮಿಷದೊಳಗೆ ಜಿನುಗದಿದ್ದರೆ ಎಂಜಿನ್ ಆರಿಸಲೇಬೇಕು. ಆಗಲೂ ಪಂಪನ್ನೇ ಮತ್ತೆ ಬದಲಿಸಲು ಹೋಗಬೇಡಿ. ಬಿಟ್ಟುಹೋದ ಓ-ರಿಂಗ್, ತೆರೆದು ನಿಂತ ರಿಲೀಫ್ ವಾಲ್ವ್, ದಾರಿ ಮುಚ್ಚಿದ ಗ್ಯಾಸ್ಕೆಟ್ ಈ ಮೂರರಲ್ಲಿ ಒಂದು ಸಿಗುವ ಸಾಧ್ಯತೆ ಹೆಚ್ಚು.

ಎಲ್ಲ ಸರಿಯಿದ್ದರೆ ಆರಿಸಿ, ಕೆಲವು ನಿಮಿಷ ಬಿಟ್ಟು ಮಟ್ಟ ನೋಡಿ. ಹೊಸ ಫಿಲ್ಟರ್ ಸ್ವಲ್ಪ ಎಣ್ಣೆ ಕುಡಿದಿರುತ್ತದೆ, ಅಷ್ಟನ್ನು ಸೇರಿಸಿ. ಈ ಎಣ್ಣೆಯನ್ನು ಪೂರ್ತಿ ಅವಧಿ ಓಡಿಸದೆ ಕೆಲವು ನೂರು ಕಿಲೋಮೀಟರ್‌ಗೇ ಇಳಿಸಿ, ಫಿಲ್ಟರಿನ ಕಾಗದವನ್ನು ಕತ್ತರಿಸಿ ಮಡಿಕೆ ಬಿಡಿಸಿ ನೋಡಿ. ಮಡಿಕೆಯಲ್ಲಿ ಹೊಸ ಲೋಹದ ಹೊಳಪು ಕಂಡರೆ ಪುಡಿ ಉದುರಿಸುತ್ತಿರುವ ಭಾಗ ಇನ್ನೂ ಒಳಗೇ ಇದೆ, ಕವರ್ ಮತ್ತೆ ಬಿಚ್ಚಬೇಕು.